ಕೆಸರು, ಲೋಹ, ಸೂಕ್ಷ್ಮಜೀವಿ: ಒಂದು ಚಾರಿತ್ರಿಕ ವಿವೇಚನೆ

ಮಲಿನಜಲವನ್ನು ಸೂಕ್ಷ್ಮಜೀವಿಗಳಿಂದ ಶುದ್ಧಗೊಳಿಸುವ ವಿದ್ಯೆ ನಮ್ಮಲ್ಲಿಗೆ ಇತ್ತೀಚೆಗೆ ಬಂದುದೆಂದು ಅನೇಕರು ಭಾವಿಸುವುದುಂಟು. ವಸ್ತುಸ್ಥಿತಿ ಬೇರೆ. ಯಶವಂತಪುರದ ನೆರೆಯ ಭಾರತೀಯ ವಿಜ್ಞಾನ ಸಂಸ್ಥೆಗೆ 1916ರಲ್ಲಿ ಪ್ರಾಧ್ಯಾಪಕರಾಗಿ ಬಂದ ಗಿಲ್ಬರ್ಟ್ ಫೌಲರ್ ಅವರು ಈ ವಿದ್ಯೆಯ ಪ್ರವರ್ತಕರಲ್ಲೊಬ್ಬರು. ಅವರ ಪ್ರೇರಣೆಯಿಂದ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬವರು ‘ಸಕ್ರಿಯ ಕೆಸರಿನ’ ವಿಧಾನವನ್ನು ರೂಪಿಸಿ 1914ರಲ್ಲಿ ಪ್ರಕಟಿಸಿದ್ದರು. ಮಲಿನಜಲಕ್ಕೆ ಗಾಳಿಯನ್ನು ಊದಿ, ಜೀವಿಗಳು ತುಂಬಿದ ಕೆಸರನ್ನು ಮತ್ತೆ ಮತ್ತೆ ಬಳಸುವುದೇ ಅದರ ಮರ್ಮ. ಇದೇ ಸಂಸ್ಥೆಯ ಪಿಳ್ಳೈ ಮತ್ತು ಸುಬ್ರಹ್ಮಣ್ಯನ್ ಅವರು 1942ರಲ್ಲಿ, ಈ ಕಾರ್ಯದಲ್ಲಿ ಬ್ಯಾಕ್ಟೀರಿಯಗಳಿಗೆ ಮಾತ್ರವಲ್ಲದೆ ಪ್ರೋಟೊಜೋವಗಳಿಗೂ ಮುಖ್ಯ ಪಾತ್ರವಿದೆಯೆಂದು ಪ್ರತಿಪಾದಿಸಿದರು.

ಲೋಹದ ಪ್ರಶ್ನೆಯೂ ಫೌಲರರಿಗೆ ಅಪರಿಚಿತವಾಗಿರಲಿಲ್ಲ. ಭಾರತಕ್ಕೆ ಬರುವ ಮುನ್ನವೇ ಅವರು ಮಮ್‌ಫೋರ್ಡರೊಡನೆ, ಕಲ್ಲಿದ್ದಲ ಗಣಿಯ ನೀರಿನಲ್ಲಿ ದೊರೆತ ಬ್ಯಾಕ್ಟೀರಿಯವೊಂದನ್ನು ಪರೀಕ್ಷಿಸಿದ್ದರು. ಅದು ನೀರಿನಲ್ಲಿ ಕರಗಿದ ಕಬ್ಬಿಣವನ್ನು ಹೈಡ್ರಾಕ್ಸೈಡಾಗಿ ಬೇರ್ಪಡಿಸುತ್ತಿತ್ತು. ಆ ಹೈಡ್ರಾಕ್ಸೈಡು ಕೊಳೆಯನ್ನೂ ಸೆಳೆದುಕೊಂಡು ತಳಕ್ಕಿಳಿಯುತ್ತಿತ್ತು.

ಇಲ್ಲಿ ಒಂದು ಭೇದವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಜೈವಿಕ ಕೊಳೆಯನ್ನು ಸೂಕ್ಷ್ಮಜೀವಿ ಆಹಾರವಾಗಿ ಸೇವಿಸಿ, ಬಹುಭಾಗವನ್ನು ಇಂಗಾಲದ ಡೈಆಕ್ಸೈಡು ಮತ್ತು ನೀರುಗಳಾಗಿ ಮಾರ್ಪಡಿಸುತ್ತದೆ. ಲೋಹವಾದರೋ ನಾಶವಾಗದು, ಅದರ ರೂಪ ಬದಲಾಗುತ್ತದೆ, ಇಲ್ಲವೆ ಸ್ಥಾನ ಬದಲಾಗುತ್ತದೆ. ವಿಕಿರಣಶೀಲ ಧಾತುಗಳ ಮಾತೂ ಇದೇ. ನೀರಿನಲ್ಲಿ ಕರಗಿದ ಯುರೇನಿಯಮ್ಮನ್ನು ಬ್ಯಾಕ್ಟೀರಿಯಗಳು ಕರಗದ ರೂಪಕ್ಕೆ ತರಬಲ್ಲವೆಂದು ಅಮೆರಿಕದ ಲವ್ಲಿ ಮತ್ತು ಸಹೋದ್ಯೋಗಿಗಳು 1991ರಲ್ಲಿ ತೋರಿಸಿದರು. ಆದರೆ ವಿಕಿರಣ ಅದರಿಂದ ಅಳಿಯಲಿಲ್ಲ. ಮತ್ತೆ ಆಮ್ಲಜನಕ ತಗಲಿದರೆ ಯುರೇನಿಯಮ್ಮು ಪುನಃ ಕರಗಬಹುದು.

ಈ ವಿವೇಚನೆ ಕೇವಲ ಪಾಂಡಿತ್ಯದ ವಿಷಯವಲ್ಲ. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿತ ನೀರು ಇಂದು ಚಿಕ್ಕಬಳ್ಳಾಪುರದ ಬರಡು ಕೆರೆಗಳನ್ನು ತುಂಬುತ್ತಿದೆ, ಅಂತರ್ಜಲಕ್ಕೂ ಇಳಿಯುತ್ತದೆ. ಸಕ್ರಿಯ ಕೆಸರು ಲೋಹದ ಒಂದಂಶವನ್ನು ಹಿಡಿದಿಟ್ಟುಕೊಂಡರೆ, ಉಳಿದುದು ನೀರಿನೊಡನೆ ಹರಿಯುತ್ತದೆ. ಹಿಡಿದುದಾದರೂ ಎಲ್ಲಿಗೆ ಹೋಗಬೇಕು? ಕೆಸರಿನ ಸಾರಜನಕ ಹೊಲಕ್ಕೆ ಮರಳಬೇಕೆಂಬುದು ಫೌಲರರ ಆಶಯವಾಗಿತ್ತು. ಕ್ರೋಮಿಯಮ್ ಬೆರೆತ ಗೊಬ್ಬರದಿಂದ ಆ ಆಶಯ ಕೈಗೂಡಲಾರದು.

ಆದುದರಿಂದ ಲೋಹಲೇಪನದ ಕಾರ್ಖಾನೆಗಳ ತ್ಯಾಜ್ಯವನ್ನು ಊರಿನ ಚರಂಡಿಗೆ ಸೇರುವ ಮೊದಲೇ, ಅದು ಹುಟ್ಟಿದಲ್ಲಿಯೇ ಬೇರ್ಪಡಿಸುವುದು ಅಗತ್ಯ. ಸೂಕ್ಷ್ಮಜೀವಿ ನಮ್ಮ ಸಹಾಯಕನಾಗಬಲ್ಲದು. ನಮ್ಮ ಹೊಣೆಯನ್ನು ಅದರ ಮೇಲೆ ಹೊರಿಸುವುದು ಮಾತ್ರ ಸಲ್ಲದು.