ಕಕ್ಕೇರಿಯ ಆರು ವಚನಗಳು ಮತ್ತು ಪ್ರಶ್ನಾಯಂತ್ರ

ಖಾನಾಪುರ ತಾಲ್ಲೂಕಿನ ಕಕ್ಕೇರಿಗೆ ಹೋಗಿಬಂದ ವಾಚಕರಿಗೆ ಅಲ್ಲಿಯ ಡೋಹರ ಕಕ್ಕಯ್ಯನವರ ಸಮಾಧಿಯ ಪರಿಚಯ ಉಂಟಷ್ಟೆ. ಕಲ್ಯಾಣದ ವಿಪ್ಲವದ ನಂತರ ವಚನಗಳ ಕಟ್ಟುಗಳೊಡನೆ ಉಳವಿಯತ್ತ ನಡೆದ ಶರಣಸಮೂಹವನ್ನು ಬೆನ್ನಟ್ಟಿ ಬಂದ ಸೈನ್ಯಕ್ಕೆ ಎದುರುನಿಂತು ಕಕ್ಕಯ್ಯನವರು ಇಲ್ಲಿ ಲಿಂಗೈಕ್ಯರಾದರೆಂದು ಪರಂಪರೆಯು ಹೇಳುತ್ತದೆ. ಇಷ್ಟು ಬೆಲೆ ತೆತ್ತು ಉಳಿಸಿದ ವಾಙ್ಮಯದಲ್ಲಿ ಅವರದೆಂದು ನಮಗೆ ದೊರೆತಿರುವ ವಚನಗಳು ಕೇವಲ 6. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನರಾಶಿಯಲ್ಲಿ ಆ ಆರನ್ನು ಹುಡುಕಿ ತೆಗೆಯುವ ಬಗೆ ಯಾವುದು? ಈ ಪ್ರಶ್ನೆಗೊಂದು ಇತಿಹಾಸವಿದೆ. ಅದರ ಒಂದು ಮುಖ್ಯ ಘಟ್ಟ ಬೆಳಗಾವಿಯಲ್ಲಿಯೇ ನಡೆಯಿತು.

ಫ. ಗು. ಹಳಕಟ್ಟಿಯವರು ವಕೀಲಿ ವೃತ್ತಿಯನ್ನು ಆರಂಭಿಸಿದುದು ಬೆಳಗಾವಿಯಲ್ಲಿ. 1904ರಲ್ಲಿ ವಿಜಯಪುರಕ್ಕೆ ತೆರಳಿದರು. ಮನೆಮನೆಯ ಜಗುಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಓಲೆಗರಿಗಳನ್ನು ಬೇಡಿ ತಂದು, ಓದಿ, ಪ್ರತಿಮಾಡಿ ಅವರು ಸಿದ್ಧಗೊಳಿಸಿದ ‘ವಚನಶಾಸ್ತ್ರಸಾರ’ದ ಮೊದಲ ಭಾಗವು 1923ರಲ್ಲಿ ಅಚ್ಚಾದುದು ಈ ನಗರದ ಮಹಾವೀರ ಮುದ್ರಣಾಲಯದಲ್ಲಿ. ಅದರಲ್ಲಿ ವಚನಗಳು ವಿಷಯಾನುಕ್ರಮದಲ್ಲಿವೆ. ಭಕ್ತಿಯ ಕುರಿತು ಶರಣರು ಏನೆಂದರು ಎಂದು ಕೇಳುವವನಿಗೆ ಆ ಗ್ರಂಥವು ಕೂಡಲೇ ಉತ್ತರ ಕೊಡುತ್ತದೆ. ಕಕ್ಕಯ್ಯನವರು ಏನೆಂದರು ಎಂದು ಕೇಳಿದರೆ ಪುಟಪುಟವನ್ನೂ ತಿರುವಬೇಕಾಗುತ್ತದೆ. 1993ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರಕಾರವು ಹೊರತಂದ ‘ಸಮಗ್ರ ವಚನ ಸಂಪುಟ’ದ ಶ್ರೇಣಿಯಲ್ಲಿ ವಚನಕಾರರ ಅನುಕ್ರಮವಿದೆ. ಅಲ್ಲಿ ಎರಡನೆಯ ಪ್ರಶ್ನೆ ಸುಲಭ, ಮೊದಲನೆಯದು ಕಠಿಣ. ಕಾಗದದ ಮೇಲೆ ಗ್ರಂಥವು ಒಂದೇ ಅನುಕ್ರಮವನ್ನು ತಾಳಬಲ್ಲುದು.

ಗಣಕಯಂತ್ರವು ಈ ಕಟ್ಟನ್ನು ಸಡಿಲಿಸಿತು ನಿಜ. ಆದರೆ ಬರಿಯ ಪದಶೋಧದಿಂದ ಏನಾಗುವುದೆಂಬುದನ್ನು ವಾಚಕರು ಗಮನಿಸಬೇಕು. ಕಕ್ಕಯ್ಯನವರ ಅಂಕಿತ ‘ಅಭಿನವ ಮಲ್ಲಿಕಾರ್ಜುನ’. ‘ಮಲ್ಲಿಕಾರ್ಜುನ’ ಎಂದು ಹುಡುಕಿದರೆ ಅಕ್ಕಮಹಾದೇವಿಯವರ ಚೆನ್ನಮಲ್ಲಿಕಾರ್ಜುನ, ಸೊನ್ನಲಿಗೆಯ ಸಿದ್ಧರಾಮರ ಕಪಿಲಸಿದ್ಧಮಲ್ಲಿಕಾರ್ಜುನ, ಎಲ್ಲವೂ ನೂರುಗಟ್ಟಲೆ ಬಂದು ಮುಂದೆ ನಿಲ್ಲುತ್ತವೆ. ಅವುಗಳ ಅಡಿಯಲ್ಲಿ ಆ ಆರು ಮತ್ತೆ ಮುಚ್ಚಿಹೋಗುತ್ತವೆ. ಯಂತ್ರಕ್ಕೆ ಅಕ್ಷರ ಕಾಣುತ್ತದೆ. ಇದು ಅಂಕಿತ, ಇದು ಸಾಲು ಎಂಬ ವಿವೇಕವಿಲ್ಲ.

ಆ ವಿವೇಕವನ್ನು ಬರವಣಿಗೆಯೊಳಗೇ ಗುರುತುಹಾಕಿ ಇಡುವ ಕ್ರಮಕ್ಕೆ ಎಕ್ಸ್‌ಎಂಎಲ್ ಎಂದು ಹೆಸರು. ಇದು ಶಿಷ್ಟರೂಪಕ್ಕೆ ಬಂದುದು 1998ರ ಫೆಬ್ರವರಿಯಲ್ಲಿ. ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಸ್ಥಾಪಿತವಾದ ವರ್ಷವೂ ಅದೇ. ಸಂಪುಟದೊಳಗೆ ವಚನಕಾರ, ಅವನೊಳಗೆ ವಚನ, ವಚನದೊಳಗೆ ಸಾಲುಗಳು ಮತ್ತು ಅಂಕಿತ: ಹೀಗೆ ಗ್ರಂಥವು ಒಂದು ವೃಕ್ಷವಾಗುತ್ತದೆ. ಆ ವೃಕ್ಷವನ್ನು ಪ್ರಶ್ನಿಸುವ ಎಕ್ಸ್‌ಕ್ವೆರಿ ಎಂಬ ಭಾಷೆಯು 2007ರ ಜನವರಿಯಲ್ಲಿ ಅಂಗೀಕೃತವಾಯಿತು.

ಪ್ರಶ್ನೆಯನ್ನು ಅರಿತು ಉತ್ತರ ಕೊಡುವ ಯಂತ್ರದ ರಚನೆಯಲ್ಲಿ ಒಂದು ಯುಕ್ತಿ ನಿಜಕ್ಕೂ ರಮ್ಯವಾದುದು. ವೃಕ್ಷದ ಪ್ರತಿಯೊಂದು ಗೆಣ್ಣಿಗೂ ಓದಿನ ಕ್ರಮದಲ್ಲಿ ಒಂದು ಸಂಖ್ಯೆಯನ್ನು ಕೊಟ್ಟು, ಅದರ ಅಡಿಯಲ್ಲಿ ಎಷ್ಟು ಗೆಣ್ಣುಗಳಿವೆಯೆಂಬುದನ್ನೂ ಬರೆದಿಡುತ್ತಾರೆ. ಒಂದು ವಚನದ ಸಂಖ್ಯೆ 40, ಅದರೊಳಗಿನ ಗೆಣ್ಣುಗಳು 25 ಎಂದಿಟ್ಟುಕೊಳ್ಳಿರಿ. ಆಗ 41ರಿಂದ 65ರವರೆಗಿನದೆಲ್ಲ ಆ ವಚನಕ್ಕೆ ಸೇರಿದುದು. ಈ ಅಂಕಿತ ಯಾವ ವಚನದ್ದೆಂದು ತಿಳಿಯಲು ಕೊಂಬೆಕೊಂಬೆಯನ್ನು ಹತ್ತಿಳಿಯಬೇಕಿಲ್ಲ. ಎರಡು ಸಂಖ್ಯೆಗಳನ್ನು ಹೋಲಿಸಿದರೆ ಸಾಕು. ಜರ್ಮನಿಯ ಕಾನ್‌ಸ್ಟಾನ್ಸ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಬೇಸ್‌ಎಕ್ಸ್ ಎಂಬ ಯಂತ್ರಾಂಶವು ಈ ಜಾಡಿನದು. ಅದು ಉಚಿತವಾಗಿ ದೊರೆಯುತ್ತದೆ, ಅದರ ಒಳರಚನೆಯೂ ತೆರೆದಿದೆ. ಒಂದು ಮಠದ ಗ್ರಂಥಾಲಯದ ಸಾಮಾನ್ಯ ಗಣಕದಲ್ಲಿಯೂ ನಡೆಯಬಲ್ಲುದು.

ಆದರೆ ಅದಕ್ಕೆ ಕನ್ನಡ ಬಾರದು. ಕಾಯಕ, ಕಾಯಕದ, ಕಾಯಕವನ್ನು ಎಂಬಿವು ಯಂತ್ರಕ್ಕೆ ಮೂರು ಬೇರೆಬೇರೆ ಪದಗಳು. ಅಂಕಿತವೂ ಸಂಬೋಧನೆಯಲ್ಲಿ ದೀರ್ಘವಾಗುತ್ತದೆ, ಮುಂದಿನ ಪದದೊಡನೆ ಸಂಧಿಯಾಗುತ್ತದೆ. ಇಲ್ಲಿ ಯಂತ್ರವನ್ನು ವಿಸ್ತರಿಸುವ ಕೆಲಸ ನಮ್ಮದು. ಎಕ್ಸ್‌ಕ್ವೆರಿಯಲ್ಲಿ ಬಳಸುವವನೇ ಹೊಸ ಕ್ರಿಯೆಗಳನ್ನು ಬರೆದು ಸೇರಿಸಬಹುದು. ಪ್ರತ್ಯಯವನ್ನು ಕಳಚುವ ಕ್ರಿಯೆಯೊಂದನ್ನು ಬರೆಯುವುದು ಕಷ್ಟವಲ್ಲ. ಸರಿಯಾಗಿ ಬರೆಯುವುದು ಕಷ್ಟ. ‘ಮದ’ ಎಂಬ ಪದದ ಕೊನೆಯ ‘ದ’ವನ್ನು ಷಷ್ಠಿಯೆಂದು ಬಗೆದು ಕತ್ತರಿಸಿದರೆ ‘ಮ’ ಎಂಬುದಷ್ಟೇ ಉಳಿಯುತ್ತದೆ! ಆದುದರಿಂದ ನಿಘಂಟಿನ ಆಧಾರ ಬೇಕು, ಹಳೆಯ ವ್ಯಾಕರಣವನ್ನು ಬಲ್ಲವರು ಪಕ್ಕದಲ್ಲಿ ಕುಳಿತಿರಬೇಕು. ಅಂಕಿತದ ಮಟ್ಟಿಗೆ, ಮೂಲಪಾಠವನ್ನು ಮುಟ್ಟದೆ ಅದರ ಶುದ್ಧರೂಪವನ್ನು ಗುರುತಿನಲ್ಲಿ ಬೇರೆಯಾಗಿ ಬರೆದಿಡುವುದೇ ಕ್ಷೇಮವೆಂದು ನನ್ನ ಅಭಿಪ್ರಾಯ.

ಹೀಗೆ ಸಿದ್ಧಪಡಿಸಿದ ಪಾಠದಲ್ಲಿ, ಅಂಕಿತವು ‘ಅಭಿನವ ಮಲ್ಲಿಕಾರ್ಜುನ’ ಎಂದೇ ಇರುವ ವಚನಗಳನ್ನು ಮಾತ್ರ ಕೊಡು ಎಂದು ಕೇಳಿದರೆ ಆರು ಬರುತ್ತವೆ, ಏಳನೆಯದು ಬರುವುದಿಲ್ಲ. ಪಾಠಾಂತರಗಳನ್ನೂ ಗುರುತಿಸಿದ್ದರೆ ಅವನ್ನೂ ಕೇಳಬಹುದು. ಗುರುತು ಹಾಕುವವರು ಓಲೆಗರಿಯನ್ನು ಓದಬಲ್ಲವರಾಗಿರಬೇಕೆಂಬ ಮಾತು ಬೇರೆ. ತಪ್ಪಿ ಹಾಕಿದ ಗುರುತನ್ನು ಯಂತ್ರವು ಎಂದಿಗೂ ಪ್ರಶ್ನಿಸದು. ಕಕ್ಕಯ್ಯನವರ ಒಂದು ವಚನಕ್ಕೆ ಅನ್ಯರ ಹೆಸರಿಟ್ಟರೆ ಅದು ಅಷ್ಟೇ ವೇಗದಿಂದ ಐದನ್ನು ತಂದಿಡುತ್ತದೆ.