ಹಳೇ ಲಗೇಜ್ ಗಾಡಿ ತಗೊಳ್ತಿದೀರಾ? ಮೊದಲು ನಿಮ್ಮ ಮೆಕ್ಯಾನಿಕ್ ನೋಡಲಿ, ಆಮೇಲೆ ಅಡ್ವಾನ್ಸ್

ಬಿಳಿಚೋಡು (ಜಗಳೂರು ತಾ.): ಮೆಕ್ಕೆಜೋಳ, ಶೇಂಗಾ ಮಾರಿ ಕೈಗೆ ನಾಲ್ಕು ಕಾಸು ಬಂದ ಕೂಡ್ಲೇ ನಮ್ಮ ಕಡೆ ಹುಡುಗರ ತಲೆಗೆ ಬರೋದು ಒಂದೇ ಯೋಚನೆ: ಒಂದು ಹಳೇ ಲಗೇಜ್ ಗಾಡಿ ತಗೊಂಡ್ರೆ ಹೆಂಗೆ? ಕಿರಾಣಿ ಅಂಗಡಿಯವರಿಗೆ ದಾವಣಗೆರೆಯಿಂದ ಮಾಲು ತರೋಕೆ, ತರಕಾರಿಯವರಿಗೆ ಸಂತೆಗೆ ಹೋಗೋಕೆ, ಕೆಲವರಿಗೆ ಹಿಂದೆ ಒಲೆ ಇಟ್ಟು ಮಿರ್ಚಿ, ಮಂಡಕ್ಕಿ, ದೋಸೆ ಮಾರೋಕೆ. ಹೊಸ ಗಾಡಿ ರೇಟು ಕೇಳಿದ್ರೆ ಕೈಗೆಟುಕಲ್ಲ. ಹಂಗಾಗಿ ಸೆಕೆಂಡ್ ಹ್ಯಾಂಡ್ ಟಾಟಾ ಏಸ್, ಬೊಲೆರೊ ಪಿಕಪ್, ಓಮ್ನಿ. ಓಮ್ನಿಯಂತೂ 2019ಕ್ಕೇ ಬಂದ್ ಆಗಿದೆ, ಸಿಗೋದೆಲ್ಲಾ ಹಳೇದೇ.

ಹೊರದೇಶದಲ್ಲಿ ಜನ ಮನೆಯಂಥ ಗಾಡಿ, ಅಂದ್ರೆ ಒಳಗೇ ಮಂಚ, ಅಡುಗೆ ಒಲೆ ಇರೋ ಮೋಟಾರ್‌ಹೋಮ್ ಹಳೇದು ತಗೊಳ್ಳೋ ಮುಂಚೆ ದುಡ್ಡು ಕೊಟ್ಟು ಇನ್ಸ್‌ಪೆಕ್ಟರ್ ಕರೆಸ್ತಾರೆ. ಅಮೆರಿಕದಲ್ಲಿ ಇದೇ ಕೆಲಸ ಮಾಡೋರ ಸಂಘ ಇದೆ. ಇಂಗ್ಲೆಂಡಲ್ಲಿ ಎಎ, ಆರ್‌ಎಸಿ ಅನ್ನೋ ಸಂಸ್ಥೆಗಳು ಹಳೇ ಕಾರು ನೋಡಿ ರಿಪೋರ್ಟ್ ಬರೆದು ಕೊಡ್ತವೆ. ನಮ್ಮಲ್ಲಿ ಅಂಥ ಬೋರ್ಡ್ ಹಾಕ್ಕೊಂಡು ಯಾರೂ ಕೂತಿಲ್ಲ. ಆದ್ರೆ ಆ ಕೆಲಸ ಬಲ್ಲವರು ಪ್ರತಿ ಊರಲ್ಲೂ ಇದಾರೆ, ಗ್ಯಾರೇಜ್ ಮೇಸ್ತ್ರಿಗಳು. ನಾವು ಅವರನ್ನ ಗಾಡಿ ಕೆಟ್ಟ ಮೇಲೆ ಕರೀತೀವಿ, ಕೊಳ್ಳೋ ಮುಂಚೆ ಕರೆಯಲ್ಲ.

ಯಾರನ್ನ ಕರ್ಕೊಂಡು ಹೋಗಬೇಕು

ಮಾರೋನು ತೋರಿಸಿದ ಮೆಕ್ಯಾನಿಕ್ ಬೇಡ, ಬ್ರೋಕರ್ ಜೊತೆ ಬಂದ ಮೆಕ್ಯಾನಿಕ್ ಅಂತೂ ಬೇಡವೇ ಬೇಡ. ವ್ಯಾಪಾರ ಆದ್ರೆ ಅವನಿಗೂ ಕಮಿಷನ್ ಇರುತ್ತೆ. ನೀವು ಕರ್ಕೊಂಡು ಹೋಗೋನು ನೀವು ನೋಡ್ತಿರೋ ಅದೇ ಮಾಡೆಲ್ ಗಾಡಿಗೆ ದಿನಾ ಕೈ ಹಾಕೋನಾಗಿರಬೇಕು. ಟ್ರ್ಯಾಕ್ಟರ್ ಮೇಸ್ತ್ರಿ ಎಷ್ಟೇ ಜಾಣ ಇದ್ರೂ ಏಸ್‌ನ ಎರಡು ಸಿಲಿಂಡರ್ ಎಂಜಿನ್ ಸದ್ದು ಕೇಳಿ ಹೇಳೋದು ಬೇರೆ ಮಾತು.

ದುಡ್ಡಿನ ಮಾತು ಮನೆ ಬಿಡೋ ಮುಂಚೆನೇ ಆಗಲಿ. ಅವನ ಒಂದು ದಿನದ ದುಡಿಮೆ, ಬಸ್ ಚಾರ್ಜು, ಊಟ. "ಅಣ್ಣಾ, ಗಾಡಿ ಬೇಡ ಅಂತ ನೀನು ಹೇಳಿದ್ರೂ ನಿನಗೆ ಇಷ್ಟೇ ದುಡ್ಡು" ಅಂತ ಬಾಯ್ಬಿಟ್ಟು ಹೇಳಿ. ಇದು ಸಣ್ಣ ಮಾತಲ್ಲ. ಗಾಡಿ ತಗೊಂಡ್ರೆ ಮಾತ್ರ ಖುಷಿ ಕೊಡ್ತಾರೆ ಅಂತಿದ್ರೆ ಎಂಥಾ ಒಳ್ಳೇ ಮನುಷ್ಯನಿಗೂ ನಾಲಿಗೆ ಸ್ವಲ್ಪ ಮೆತ್ತಗಾಗುತ್ತೆ. ದೋಸ್ತಿ ಮೇಲೆ ಪುಕ್ಕಟೆ ಕರ್ಕೊಂಡು ಹೋದ್ರೂ ಕಷ್ಟ, ಅವನು ಹತ್ತು ನಿಮಿಷ ನೋಡಿ "ಚಲೋ ಐತಿ ತಗೋ" ಅಂತಾನೆ. ದುಡ್ಡು ತಗೊಂಡೋನು ಗಾಡಿ ಅಡಿಗೆ ಮಲಗಿ ನೋಡ್ತಾನೆ.

ಇನ್ನೊಂದು ದಾರಿನೂ ಇದೆ. ಗಾಡಿ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ಮಾರೋನನ್ನೇ ಗಾಡಿ ಸಮೇತ ಕರ್ಕೊಂಡು ಹೋಗಿ ಚೆಕಪ್ ಮಾಡ್ಸೋದು. ಅಲ್ಲಿ ಸರ್ವಿಸ್ ಆಗಿದ್ರೆ ಯಾವಾಗ ಏನು ಕೆಲಸ ಆಗಿದೆ, ಆಗ ಮೀಟರ್ ಎಷ್ಟಿತ್ತು ಅನ್ನೋ ದಾಖಲೆ ಇರುತ್ತೆ. ಮಾರೋನು ಒಪ್ಪಿ ಜೊತೆಗೆ ಬಂದ್ರೆ ಅರ್ಧ ಅನುಮಾನ ಅಲ್ಲೇ ಹೋಯ್ತು.

"ಫೈನಾನ್ಸ್‌ನವರು ನೋಡಿ ಹೋಗಿದಾರಲ್ಲ, ಎಫ್‌ಸಿ ಇದೆಯಲ್ಲ"

ಬಹಳ ಜನ ಮೋಸ ಹೋಗೋದು ಇಲ್ಲೇ. ಸಾಲ ಕೊಡೋ ಮುಂಚೆ ಫೈನಾನ್ಸ್ ಕಂಪನಿಯೋರು ಒಬ್ಬರನ್ನ ಕಳಿಸ್ತಾರೆ. ಅವರು ನಾಲ್ಕೂ ಕಡೆ ಫೋಟೋ ಹೊಡೆದು, ಚಾಸಿ ನಂಬರ್ ತಿಕ್ಕಿ, ಒಂದು ರೇಟ್ ಬರೆದು ಹೋಗ್ತಾರೆ. ಅದು ಅವರ ಸಾಲಕ್ಕೆ ಅವರು ಮಾಡ್ಕೊಳ್ಳೋ ಲೆಕ್ಕ. ನಾಳೆ ಗಾಡಿ ಎಳ್ಕೊಂಡು ಹೋದ್ರೆ ಎಷ್ಟಕ್ಕೆ ಹೋಗುತ್ತೆ ಅಂತ ನೋಡ್ತಾರೆ ಅಷ್ಟೇ. ನಿಮ್ಮ ಎಂಜಿನ್ ಆರು ತಿಂಗಳು ಬಾಳುತ್ತಾ ಅನ್ನೋದು ಅವರ ತಲೆನೋವಲ್ಲ, ಕಂತು ನೀವು ಕಟ್ಟೇ ಕಟ್ತೀರಿ.

ಎಫ್‌ಸಿ ಕೂಡ ಹಂಗೆ. ಬ್ರೇಕು, ಲೈಟು, ಹಾರ್ನು, ಹೊಗೆ, ಇವೆಲ್ಲ ಟೆಸ್ಟ್ ದಿನ ಸರಿ ಇದ್ವು ಅನ್ನೋದಕ್ಕೆ ಅದು ಸಾಕ್ಷಿ. ರಿಂಗ್ ಸವೆದಿದೆಯಾ, ಗೇರ್‌ಬಾಕ್ಸ್‌ನಲ್ಲಿ ಬೇರಿಂಗ್ ಹೋಗಿದೆಯಾ ಅಂತ ಅದು ಹೇಳಲ್ಲ. ಲಗೇಜ್ ಗಾಡಿಗೆ 8 ವರ್ಷದ ತನಕ 2 ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ. ಹಾಗಾಗಿ ಇನ್ನು ಎಷ್ಟು ತಿಂಗಳು ಬಾಕಿ ಇದೆ ಅನ್ನೋದನ್ನ ರೇಟಲ್ಲಿ ಹಿಡೀರಿ. ಮುಂದಿನ ತಿಂಗಳೇ ಎಫ್‌ಸಿ ಮುಗಿಯೋ ಗಾಡಿ ಮಾರಾಟಕ್ಕೆ ಬಂದಿದೆ ಅಂದ್ರೆ ಯಾಕೆ ಬಂದಿದೆ ಅಂತ ಯೋಚನೆ ಮಾಡಿ. ಪೇಂಟ್, ಬಾಡಿ ಕೆಲಸ, ಟೈರು ಎಲ್ಲಾ ನಿಮ್ಮ ತಲೆಗೇ ಬೀಳುತ್ತೆ.

ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರಬೇಕು

"ಬೆಳಿಗ್ಗೆ ಏಳಕ್ಕೆ ಬರ್ತೀವಿ, ಸ್ಟಾರ್ಟ್ ಮಾಡಬೇಡಿ" ಅಂತ ಹಿಂದಿನ ದಿನವೇ ಹೇಳಿ. ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ರೆ ಯಾರೋ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದಾರೆ ಅಂತ ಅರ್ಥ. ಡೀಸೆಲ್ ಎಂಜಿನ್‌ನ ಕಾಯಿಲೆ ಗೊತ್ತಾಗೋದು ತಣ್ಣಗಿದ್ದಾಗ ಸೆಲ್ಫ್ ಹೊಡೆದ್ರೆ. ಎಷ್ಟು ಸಲ ಹೊಡೀಬೇಕಾಯ್ತು, ಬ್ಯಾಟರಿ ಎಳೀತಾ ಇಲ್ವಾ ನೋಡಿ.

ಹೊಗೆ ಬಣ್ಣ ನೋಡೋಕೆ ಮೆಕ್ಯಾನಿಕ್ಕೇ ಆಗಬೇಕು ಅಂತಿಲ್ಲ. ನೀಲಿ ಹೊಗೆ ಬಂದ್ರೆ ಎಂಜಿನ್ ಆಯಿಲ್ ಕುಡೀತಿದೆ, ರಿಂಗು ಪಿಸ್ಟನ್ ಸವೆದಿರೋ ಸಾಧ್ಯತೆ. ಎಕ್ಸಲೇಟರ್ ಕೊಟ್ಟಾಗಲೆಲ್ಲಾ ಕಪ್ಪು ಹೊಗೆ ಉಗುಳಿದ್ರೆ ಏರ್ ಫಿಲ್ಟರ್ ಕಟ್ಟಿರಬಹುದು, ಇಲ್ಲಾ ಡೀಸೆಲ್ ಸರಿಯಾಗಿ ಉರೀತಿಲ್ಲ. ಎಂಜಿನ್ ಬಿಸಿ ಆದ ಮೇಲೂ ಬಿಳಿ ಹೊಗೆ ನಿಲ್ಲಲಿಲ್ಲ ಅಂದ್ರೆ ರೇಡಿಯೇಟರ್ ನೀರು ಒಳಗೆ ಹೋಗ್ತಿದೆಯಾ ಅಂತ ಅನುಮಾನ ಪಡಬೇಕು. ತಣ್ಣಗಿದ್ದಾಗಲೇ ಕೂಲೆಂಟ್ ಮುಚ್ಚಳ ತೆಗೆದು ನೋಡಿ, ಮೇಲೆ ಎಣ್ಣೆ ತೇಲ್ತಿದ್ರೆ ಹೆಡ್ ಗ್ಯಾಸ್ಕೆಟ್ ಕಥೆ. ಬಿಸಿ ಇದ್ದಾಗ ತೆಗೀಬೇಡಿ, ಮುಖಕ್ಕೆ ಹಾರುತ್ತೆ.

ಮೇಸ್ತ್ರಿ ಮಾಡೋ ಒಂದು ಪರೀಕ್ಷೆ ಇದೆ: ಎಂಜಿನ್ ಓಡ್ತಿರೋವಾಗ ಆಯಿಲ್ ಹಾಕೋ ಮುಚ್ಚಳ ಬಿಚ್ಚಿ ಸುಮ್ಮನೆ ಮೇಲಿಡ್ತಾನೆ. ಮುಚ್ಚಳ ಕುಣಿದು ಬಿದ್ರೆ, ಅಲ್ಲಿಂದ ಹೊಗೆ ಬುಸುಬುಸು ಅಂತ ಬಂದ್ರೆ ಎಂಜಿನ್ ಇಳಿಸೋ ದಿನ ದೂರ ಇಲ್ಲ. ಇದೊಂದು ಪರೀಕ್ಷೆಗೇ ಅವನಿಗೆ ಕೊಟ್ಟ ಕೂಲಿ ಹುಟ್ಟಿಬಿಡುತ್ತೆ.

ಡ್ಯಾಶ್‌ಬೋರ್ಡ್ ಲೈಟಿನ ಕಳ್ಳಾಟನೂ ಇದೆ. ಕೀ ಆನ್ ಮಾಡಿದಾಗ ಎಂಜಿನ್ ಗುರುತಿನ ಲೈಟು, ಆಯಿಲ್ ಲೈಟು ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದ್ರೆ ಬಲ್ಬ್ ಕಿತ್ತಿರಬಹುದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿ ಆದ್ರೆ ಸ್ಕ್ಯಾನರ್ ಹಾಕಿಸಲೇಬೇಕು, ಅದರಲ್ಲಿ ಸೆನ್ಸರ್ ಜಾಸ್ತಿ, ಕಿವಿಯಲ್ಲಿ ಕೇಳಿ ಹೇಳೋಕಾಗಲ್ಲ.

ಇನ್ನು ಗಾಡಿ ಅಡಿಗೆ. ನಮ್ಮ ಭಾಗದ ಲಗೇಜ್ ಗಾಡಿಗಳ ದೊಡ್ಡ ರೋಗ ಓವರ್‌ಲೋಡ್. ಮುಕ್ಕಾಲು ಟನ್ ಹೊರೋ ಏಸ್‌ಗೆ ಒಂದೂವರೆ ಟನ್ ಇಟ್ಟಿಗೆ, ಎಂ-ಸ್ಯಾಂಡ್ ಹೇರಿರ್ತಾರೆ. ಅಂಥ ಗಾಡಿ ಮೇಲಿಂದ ಪೇಂಟ್ ಹೊಡೆದ್ರೆ ಮದುಮಗಳ ಥರ ಕಾಣುತ್ತೆ, ಅಡಿಯಲ್ಲಿ ನಿಜ ಗೊತ್ತಾಗುತ್ತೆ. ಪಾಟಾ ಮುರಿದು ಹೊಸದು ಸೇರಿಸಿದಾರಾ, ಪಾಟಾ ಕೂರೋ ಜಾಗದಲ್ಲಿ ಚಾಸಿಗೆ ವೆಲ್ಡಿಂಗ್ ಆಗಿದೆಯಾ, ಚಾಸಿ ಬಗ್ಗಿದೆಯಾ ಟಾರ್ಚ್ ಹಿಡಿದು ನೋಡಲಿ. ಚಾಸಿ ವೆಲ್ಡಿಂಗ್ ಕಂಡ್ರೆ ಚೌಕಾಸಿ ಮಾಡಬೇಡಿ, ವಾಪಸ್ ಬನ್ನಿ. ಇದು ನನ್ನ ಅಭಿಪ್ರಾಯ, ಅಗ್ಗಕ್ಕೆ ಸಿಗುತ್ತೆ ಅಂತ ತಗೊಳ್ಳೋರೂ ಇದಾರೆ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 3521 ಅಂತಿದ್ರೆ 2021ರ 35ನೇ ವಾರ ತಯಾರಾಗಿದ್ದು. ಗುಂಡಿ ಚೆನ್ನಾಗಿ ಕಂಡ್ರೂ ಏಳೆಂಟು ವರ್ಷದ ಟೈರ್ ಬಿಸಿಲಿಗೆ ಬಿರುಕು ಬಿಟ್ಟಿರುತ್ತೆ. ಒಂದೇ ಪಕ್ಕ ಸವೆದಿದ್ರೆ ಮುಂದಿನ ಆಕ್ಸಲ್ ಏನೋ ಹೇಳ್ತಿದೆ. ಮೀಟರ್ ಕಿಲೋಮೀಟರ್ ನಂಬಬೇಡಿ, ತಿರುಗಿಸ್ತಾರೆ. ಕ್ಲಚ್ ಪೆಡಲ್ ರಬ್ಬರ್ ನುಣ್ಣಗಾಗಿ ಮೀಟರ್ 40 ಸಾವಿರ ತೋರಿಸಿದ್ರೆ ಪೆಡಲ್‌ನ ನಂಬಿ.

ಓಡಿಸಿ ನೋಡೋದು ಖಾಲಿ ಗಾಡಿಯಲ್ಲಿ ಅಲ್ಲ. ನಾಲ್ಕೈದು ಚೀಲ ಜೋಳ, ಸಿಮೆಂಟು ಏನಾದ್ರೂ ಹಾಕ್ಕೊಂಡು ಒಂದು ಏರಿ ಹತ್ತಿಸಿ. ಕ್ಲಚ್ ಜಾರುತ್ತಾ, ಗೇರ್ ತಾನೇ ಬಿಡುತ್ತಾ, ಹಿಂದೆ ಹೌಸಿಂಗ್‌ನಿಂದ ಗುಂಯ್ ಅನ್ನೋ ಸದ್ದು ಬರುತ್ತಾ ಎಲ್ಲಾ ಅಲ್ಲೇ ತಿಳಿಯುತ್ತೆ.

ಕ್ಯಾಂಟೀನ್ ಗಾಡಿ ಆದ್ರೆ ಎರಡು ಸಲ ನೋಡಬೇಕು

ಮೊಬೈಲ್ ಕ್ಯಾಂಟೀನ್ ಮಾಡಿರೋ ಗಾಡಿ ಈಗ ಮಾರಾಟಕ್ಕೆ ಬರ್ತಿವೆ. ಪಾತ್ರೆ, ಒಲೆ, ಕೌಂಟರ್ ಸಮೇತ ಅಂದಾಗ ಆಸೆ ಆಗೋದು ಸಹಜ. ಇಲ್ಲಿ ಗಾಡಿ ಒಂದು, ಅದರ ಮೇಲಿರೋ ಅಂಗಡಿ ಇನ್ನೊಂದು. ಆರ್‌ಸಿಯಲ್ಲಿ ಬಾಡಿ ಏನು ಅಂತ ಬರೆದಿದೆ ನೋಡಿ. ಆರ್‌ಟಿಒ ಒಪ್ಪಿಗೆ ಇಲ್ಲದೆ ಬಾಡಿ ಬದಲಾಯಿಸೋಕೆ ಮೋಟಾರು ವಾಹನ ಕಾಯ್ದೆ ಬಿಡಲ್ಲ. ಆರ್‌ಸಿಯಲ್ಲಿ ಮಾಮೂಲಿ ಲಗೇಜ್ ಗಾಡಿ, ಮೇಲೆ ಅಡುಗೆಮನೆ ಅಂತಾದ್ರೆ ಎಫ್‌ಸಿಯಲ್ಲೂ ತಕರಾರು, ಬೆಂಕಿ ಬಿದ್ದಾಗ ಇನ್ಶೂರೆನ್ಸ್‌ನಲ್ಲೂ ತಕರಾರು.

ಗ್ಯಾಸ್ ಪೈಪಿನ ಮೇಲೆ ತಾರೀಖು ಅಚ್ಚಾಗಿರುತ್ತೆ, ಹಳೇದಾಗಿದ್ರೆ ಬದಲಿಸಿ. ಜೋಡಣೆಗೆಲ್ಲಾ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತಾ ನೋಡಿ, ಬೆಂಕಿಕಡ್ಡಿ ಗೀರಿ ನೋಡೋ ಸಾಹಸ ಬೇಡ. ಲೈಟಿಗೆ ಅಂತ ಎಳೆದ ವೈರು ಬ್ಯಾಟರಿಯಿಂದ ನೇರ ಬಂದಿದೆಯಾ, ಮಧ್ಯೆ ಫ್ಯೂಸ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ನೋಡಲಿ. ವ್ಯಾಪಾರಕ್ಕೆ ಮನೆ ಸಿಲಿಂಡರ್ ನಡೆಯಲ್ಲ, 19 ಕೆಜಿಯ ಕಮರ್ಷಿಯಲ್ಲೇ ಇಡಬೇಕು. ಎಫ್‌ಎಸ್‌ಎಸ್‌ಎಐ ನೋಂದಣಿ ಹಳೇ ಮಾಲೀಕನ ಹೆಸರಲ್ಲಿದ್ರೆ ನಿಮಗೆ ಉಪಯೋಗಕ್ಕಿಲ್ಲ, ನಿಮ್ಮ ಹೆಸರಲ್ಲಿ ಹೊಸದಾಗಿ ಮಾಡಿಸಿ.

ಕಾಗದ ನೋಡೋದು ನಿಮ್ಮ ಕೆಲಸ

ಮೆಕ್ಯಾನಿಕ್ ಅಡಿಗೆ ಮಲಗಿರೋ ಹೊತ್ತಲ್ಲಿ ನೀವು ಮೊಬೈಲ್ ತೆಗೀರಿ. ಎಂಪರಿವಾಹನ್ ಆಪ್‌ನಲ್ಲಿ ಗಾಡಿ ನಂಬರ್ ಹೊಡೆದ್ರೆ ನೋಂದಣಿ ದಿನ, ಎಫ್‌ಸಿ, ಇನ್ಶೂರೆನ್ಸ್ ಎಲ್ಲಿವರೆಗೆ ಇದೆ ಅಂತ ಸಿಗುತ್ತೆ. ಇ-ಚಲನ್ ವೆಬ್‌ಸೈಟಲ್ಲಿ ದಂಡ ಬಾಕಿ ನೋಡಿ. 17 ಅಕ್ಷರದ ಚಾಸಿ ನಂಬರ್ ಆರ್‌ಸಿಯಲ್ಲಿರೋದಕ್ಕೂ ಗಾಡಿ ಮೇಲಿರೋದಕ್ಕೂ ಒಂದೊಂದೇ ಅಕ್ಷರ ಹೋಲಿಸಿ. ಉಜ್ಜಿದ ಗುರುತು, ಹೊಸ ಪೇಂಟ್ ಕಂಡ್ರೆ ಅಲ್ಲಿಂದ ಎದ್ದು ಬನ್ನಿ.

ಆರ್‌ಸಿಯಲ್ಲಿ ಫೈನಾನ್ಸ್ ಹೆಸರಿದ್ರೆ "ಸಾಲ ತೀರಿದೆ" ಅನ್ನೋ ಮಾತು ಸಾಲಲ್ಲ. ಫೈನಾನ್ಸ್‌ನವರ ಎನ್‌ಒಸಿ, ಸಹಿ ಮಾಡಿದ ಫಾರಂ 35 ಕೈಗೆ ಬರಬೇಕು. ಮಾರೋನ ಹೆಸರು, ಆರ್‌ಸಿ ಹೆಸರು ಬೇರೆ ಇದ್ರೆ ಆರ್‌ಸಿ ಮಾಲೀಕನೇ ಎದುರಿಗೆ ಬಂದು ಫಾರಂ 29, 30ಕ್ಕೆ ಸಹಿ ಹಾಕಲಿ. 20 ರೂಪಾಯಿ ಬಾಂಡ್ ಪೇಪರ್ ಮೇಲೆ ಬರೆಸ್ಕೊಂಡ್ರೆ ಗಾಡಿ ನಿಮ್ಮದಾಗಲ್ಲ.

ಮಾರೋರಿಗೂ ಒಂದು ಮಾತು. ಆರ್‌ಸಿ ಯಾರ ಹೆಸರಲ್ಲಿದೆಯೋ ಅವರೇ ಮಾಲೀಕ, ಆಮೇಲೆ ಎಷ್ಟು ಕೈ ಬದಲಾಗಿದ್ರೂ ಅಪಘಾತದ ಪರಿಹಾರಕ್ಕೆ ಅವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಮಾರಿದೋರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಕೊಂಡೋರು 30 ದಿನದೊಳಗೆ ತಮ್ಮ ಹೆಸರಿಗೆ ಅರ್ಜಿ ಹಾಕಬೇಕು.

ನಮ್ಮ ಜಿಲ್ಲೆ ಕೆಎ-17. ಚಿತ್ರದುರ್ಗದ ಕೆಎ-16, ಬಳ್ಳಾರಿಯ ಕೆಎ-34 ಗಾಡಿಗಳೂ ಇಲ್ಲಿಗೆ ಬರ್ತವೆ, ವರ್ಗಾವಣೆಗೆ ಏನು ಕಾಗದ ಬೇಕು ಅಂತ ದಾವಣಗೆರೆ ಆರ್‌ಟಿಒದಲ್ಲಿ ಮೊದಲೇ ಕೇಳ್ಕೊಳ್ಳಿ. ಆಂಧ್ರ, ತೆಲಂಗಾಣ ಗಾಡಿ ಅಗ್ಗ ಅಂತ ಕಾಣೋದಕ್ಕೆ ಕಾರಣ ಇದೆ, ಅಲ್ಲಿನ ಎನ್‌ಒಸಿ, ಇಲ್ಲಿನ ತೆರಿಗೆ, ಹೊಸ ನಂಬರ್ ಎಲ್ಲಾ ಸೇರಿಸಿದ್ರೆ ಅಗ್ಗ ಉಳಿಯುತ್ತಾ ಲೆಕ್ಕ ಹಾಕಿ. ಒಟ್ಟು ತೂಕ 3 ಸಾವಿರ ಕೆಜಿ ಒಳಗಿನ ಲಗೇಜ್ ಗಾಡಿಗೆ ಪರ್ಮಿಟ್ ಬೇಡ. ಏಸ್ ಅದರೊಳಗೇ ಬರುತ್ತೆ, ಕೆಲವು ಪಿಕಪ್ ದಾಟ್ತವೆ. ಕಾರಿನ ಎಲ್‌ಎಂವಿ ಲೈಸೆನ್ಸ್ ಇದ್ರೆ 7,500 ಕೆಜಿವರೆಗಿನ ಲಗೇಜ್ ಗಾಡಿ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಐದು ನ್ಯಾಯಮೂರ್ತಿಗಳ ಪೀಠ ಖಚಿತ ಮಾಡಿದೆ.

ರೇಟ್ ಮಾತಾಡೋವಾಗ

ಮೆಕ್ಯಾನಿಕ್ ಹೇಳಿದ್ದನ್ನೆಲ್ಲಾ ಒಂದು ಹಾಳೆ ಮೇಲೆ ಬರೆಸಿ, ಎದುರಿಗೆ ಖರ್ಚು ಹಾಕಿಸಿ. ಉದಾಹರಣೆಗೆ 2 ಲಕ್ಷ 40 ಸಾವಿರ ಹೇಳಿದ ಗಾಡಿಗೆ ಎರಡು ಟೈರು, ಕ್ಲಚ್, ಬ್ಯಾಟರಿ ಸೇರಿ 30 ಸಾವಿರದ ಕೆಲಸ ಇದೆ ಅಂತಾದ್ರೆ ಮಾತು 2 ಲಕ್ಷ 10 ಸಾವಿರದಿಂದ ಕೆಳಗೆ ಶುರು ಆಗಲಿ. ಹಾಳೆ ಕೈಯಲ್ಲಿದ್ರೆ ಜಗಳ ಇಲ್ಲ. "ಸಂಜೆ ಇನ್ನೊಂದು ಪಾರ್ಟಿ ಬರುತ್ತೆ, ಈಗ್ಲೇ ಹತ್ತು ಸಾವಿರ ಫೋನ್‌ಪೇ ಮಾಡಿ" ಅಂದ್ರೆ ಬರಲಿ ಬಿಡಿ. ಸಂಘದ ಸಾಲ, ಹೆಂಡತಿ ಬಂಗಾರ ಅಡ ಇಟ್ಟ ದುಡ್ಡು ಅದು. ಗಾಡಿ ಗ್ಯಾರೇಜಲ್ಲಿ ನಿಂತ ತಿಂಗಳೂ ಕಂತು ನಿಲ್ಲಲ್ಲ.

ವ್ಯಾಪಾರ ಮುಗಿದ ದಿನ ಎರಡನೇ ಕೀ, ಮೂಲ ಆರ್‌ಸಿ, ಇನ್ಶೂರೆನ್ಸ್ ಕಾಗದ ಇಸ್ಕೊಳ್ಳಿ. ದುಡ್ಡು ಬ್ಯಾಂಕ್ ಮೂಲಕವೇ ಹೋಗಲಿ. ಕೈ ಬದಲಾದ ತಾರೀಖು, ಗಂಟೆ ಬರೆದು ಇಬ್ಬರೂ ಸಹಿ ಹಾಕಿ, ಅದಕ್ಕೂ ಮುಂಚಿನ ದಂಡ, ಕೇಸು ಹಳೇ ಮಾಲೀಕನದು ಅಂತ ಸೇರಿಸಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಬದಲಿಸೋಕೆ 14 ದಿನದೊಳಗೆ ಕಂಪನಿಗೆ ಅರ್ಜಿ ಕೊಡಿ. ಪಾಲಿಸಿ ಮುಗಿದಿದ್ರೆ ಗಾಡಿ ಊರಿಗೆ ತರೋ ಮುಂಚೆ, ಅಲ್ಲೇ ನಿಂತು ಮಾಡಿಸಿ.