ಅಕ್ಕಿ ರೊಟ್ಟಿಯ ನಾಡಿನಲ್ಲಿ ಗೋಧಿಯ ಪ್ರಸಾದ

ಮೂಡಿಗೆರೆ, ಕಳಸದ ಕಡೆ ರೊಟ್ಟಿ ಎಂದರೆ ಅಕ್ಕಿಯದೇ. ಉಕ್ಕರಿಸಿದ ಹಿಟ್ಟನ್ನು ನಾದಿ, ತಟ್ಟಿ, ಕೆಂಡದ ಮೇಲೆ ಉಬ್ಬಿಸಿದ ರೊಟ್ಟಿ ತಿಂದು ತೋಟಕ್ಕೆ ಹೊರಟವರ ಕಿವಿಗೆ ಕನ್ನಡ ಬೈಬಲ್‌ನ 'ರೊಟ್ಟಿ' ಎಂಬ ಮಾತು ಬಿದ್ದಾಗ ಮೂಗಿಗೆ ಬಂದದ್ದೂ ಆ ಕೆಂಡದ ವಾಸನೆಯೇ ಇದ್ದೀತು.

ಯೇಸುವಿನ ನಾಡಿನ ರೊಟ್ಟಿ ಬೇರೆ. ಯೋಹಾನನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಐದು ಸಾವಿರ ಜನರ ಹಸಿವು ತಣಿಸಿದ್ದು ಹುಡುಗನೊಬ್ಬನ ಬಳಿಯಿದ್ದ ಐದು ಜವೆಗೋಧಿ ರೊಟ್ಟಿ, ಎರಡು ಮೀನು. ಜವೆಗೋಧಿ ಅಲ್ಲಿ ಬಡವರ ಧಾನ್ಯ. ಮರುದಿನ ಮತ್ತೆ ರೊಟ್ಟಿ ಹುಡುಕಿಕೊಂಡು ಬಂದವರಿಗೆ ಯೇಸು ತಾನೇ ಜೀವದ ರೊಟ್ಟಿ ಎನ್ನುತ್ತಾನೆ. ಅವನು ಹುಟ್ಟಿದ ಬೆತ್ಲೆಹೇಮ್ ಎಂಬ ಹೆಸರಿಗೆ ಹೀಬ್ರೂವಿನಲ್ಲಿ 'ರೊಟ್ಟಿಯ ಮನೆ' ಎಂದೇ ಅರ್ಥ.

ಕಥೋಲಿಕರ ಬಲಿಪೂಜೆಗೆ ಗೋಧಿಯೇ ಆಗಬೇಕು, ಅಕ್ಕಿ ಸಲ್ಲದು. ಹುಳಿ ಹಾಕದೆ, ಹಿಟ್ಟು ನೀರು ಎರಡನ್ನೇ ಕಲಸಿ, ಕಾದ ಕಬ್ಬಿಣದ ಹಲಗೆಗಳ ನಡುವೆ ಬೇಯಿಸಿ ದುಂಡಗೆ ಕತ್ತರಿಸಿದ ತೆಳ್ಳನೆಯ ಬಿಲ್ಲೆ ಅದು. ಗೋಧಿ ಬೆಳೆಯದ ಈ ಗುಡ್ಡಗಳಲ್ಲಿ ಅದು ಪರಸ್ಥಳದ ಅನ್ನವಾಗಿಯೇ ಉಳಿಯಬಹುದಿತ್ತು. ಉಳಿಯಗೊಡಲಿಲ್ಲ ಒಂದು ಹೆಸರು: ಪರಮಪ್ರಸಾದ. ದೇವರ ಮುಂದಿಟ್ಟದ್ದು ದೇವರ ಕೈಯಿಂದಲೇ ಮರಳಿ ನಮ್ಮ ಅಂಗೈಗೆ ಬರುತ್ತದೆಂಬುದು ಈ ಸೀಮೆಯ ಎಲ್ಲ ಮನೆಗಳಿಗೂ ಗೊತ್ತಿದ್ದ ಮಾತು. ಅನುವಾದಗಳಲ್ಲಿ ಇಷ್ಟು ಹದವಾಗಿ ಕೂತ ಪದಗಳು ಅಪರೂಪ.

ಆದರೂ ಪೂಜೆ ಬಹುಕಾಲ ಲ್ಯಾಟಿನ್‌ನಲ್ಲೇ ನಡೆಯಿತು. ಮೈಸೂರು ಧರ್ಮಕ್ಷೇತ್ರದಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಕ್ಷೇತ್ರ ಹುಟ್ಟಿದ್ದು 1963ರ ನವೆಂಬರ್ 16ರಂದು. ಅಲ್ಫೋನ್ಸಸ್ ಮಥಾಯಸ್ ಮೊದಲ ಧರ್ಮಾಧ್ಯಕ್ಷರು. ಹದಿನೆಂಟೇ ದಿನ ಕಳೆದು, ಡಿಸೆಂಬರ್ 4ರಂದು, ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಹಾಗಾಗಿ ಈ ಧರ್ಮಕ್ಷೇತ್ರ ಬೆಳೆದದ್ದೆಲ್ಲ ಜನರ ಮಾತಿನಲ್ಲಿ ಪೂಜೆ ಕೇಳುತ್ತಲೇ.

ಬಲಿಪೀಠಕ್ಕೇರದ ಭತ್ತಕ್ಕೂ ಒಂದು ದಿನವಿದೆ. ಕಾಫಿ ತೋಟಗಳ ಕೆಲಸಕ್ಕೆಂದು, ತೋಟ ಮಾಡಲೆಂದು ಘಟ್ಟ ಹತ್ತಿದ ಮಂಗಳೂರಿನ ಕೊಂಕಣಿ ಕಥೋಲಿಕರು ಮೊಂತಿ ಹಬ್ಬವನ್ನೂ ಜೊತೆಗೆ ತಂದರು. ಸೆಪ್ಟೆಂಬರ್ 8, ಮರಿಯಮ್ಮನವರ ಜನ್ಮದಿನ. ಮಕ್ಕಳು ಹೂ ಅರ್ಪಿಸುತ್ತಾರೆ. ಗುರುಗಳು ಹೊಸ ತೆನೆ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಮನೆಯ ಹಿರಿಯರು ಕಾಳು ಸುಲಿದು, ಪುಡಿ ಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಗುಟುಕು. ಆಮೇಲೆ ಬಾಳೆಲೆಯ ಸಸ್ಯಾಹಾರದ ಊಟ.

ಆ ದಿನ ಮನೆಯಲ್ಲಿಲ್ಲದವರ ಪಾಲನ್ನೂ ಮರೆಯುತ್ತಿರಲಿಲ್ಲ. ಮುಂಬಯಿಗೋ ಕೊಲ್ಲಿ ದೇಶಕ್ಕೋ ದುಡಿಯಲು ಹೋದ ಮಕ್ಕಳಿಗೆ ಬರೆದ ಕಾಗದದ ಮಡಿಕೆಯಲ್ಲಿ ಆಶೀರ್ವದಿಸಿದ ಭತ್ತದ ನಾಲ್ಕು ಕಾಳುಗಳನ್ನಿಟ್ಟು, ಅಂಟು ಹಚ್ಚಿ, ಅಂಚೆಗೆ ಹಾಕುತ್ತಿದ್ದರು.